ಗ್ಯಾಸ್ಟ್ರಿಕ್ ಅಂದ್ರೆ ಯಾವುದು? ಹೊಟ್ಟೆಗೆ ತಕ್ಕ ಕಷಾಯ ಆರಿಸುವ ಬಗೆ

ನಮ್ಮಲ್ಲಿ ಹೊಟ್ಟೆಯ ಎಲ್ಲ ತೊಂದರೆಗೂ ಒಂದೇ ಹೆಸರು: ಗ್ಯಾಸ್ಟ್ರಿಕ್. ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್, ಎದೆ ಉರಿದರೂ ಗ್ಯಾಸ್ಟ್ರಿಕ್, ಎರಡು ತುತ್ತಿಗೇ ಸಾಕೆನಿಸಿದರೂ ಗ್ಯಾಸ್ಟ್ರಿಕ್, ಮೂರು ದಿನ ಸರಿಯಾಗಿ ಹೋಗದಿದ್ದರೂ ಅದೇ. ಕೇಳಿದವರೂ ಅಷ್ಟೇ. ಯಾವ ಥರ, ಎಲ್ಲಿ, ಯಾವಾಗ ಅಂತ ವಿಚಾರಿಸದೆ "ಒಂದು ಲೋಟ ಕಷಾಯ ಕುಡಿ, ಹೋಗತ್ತೆ" ಅಂದುಬಿಡುತ್ತಾರೆ. ಯಾವ ಕಷಾಯ?

ನಾನು ಹುಟ್ಟಿದ್ದು ಶಿರಸಿ ಕಡೆ, ಸೇರಿದ್ದು ಧಾರವಾಡದ ಮನೆ, ಈಗ ಇರುವುದು ಬೆಂಗಳೂರಿನಲ್ಲಿ. ತವರಿನಲ್ಲಿ ಕಷಾಯ ಅಂದರೆ ಕೊತ್ತಂಬರಿ, ಜೀರಿಗೆ, ಹಾಲು, ಬೆಲ್ಲ. ಮನೆಗೆ ಯಾರೇ ಬರಲಿ, "ಆಸರಿಗೆ ಎಂತ ಅಡ್ಡಿಲ್ಲೆ, ಚಾನೋ ಕಷಾಯನೋ?" ಅಂತ ಅಮ್ಮ ಕೇಳುತ್ತಿದ್ದಳು. ಆಸರಿ ಅಂದರೆ ನಮ್ಮ ಕಡೆ ಬಂದವರಿಗೆ ಕುಡಿಯಲು ಕೊಡುವುದು. ಅದು ಔಷಧಿ ಅಂತ ನಮಗೆ ಅನಿಸಿದ್ದೇ ಇಲ್ಲ. ಅತ್ತೆಯ ಮನೆಯಲ್ಲಿ ಇನ್ನೊಂದು ಕ್ರಮ. ಜೋಳದ ರೊಟ್ಟಿ, ಝುಣಕ, ಮಡಿಕೆಕಾಳು ಪಲ್ಯ ಹೊಡೆದು ನಾನು ಸುಮ್ಮನೆ ಗೋಡೆಗೆ ಒರಗಿದರೆ ಸಾಕು, "ಹೊಟ್ಟಿ ಬಿಗದೈತೇನವಾ? ಒಂದ್ ಚಿಟಿಕಿ ಅಜವಾನ ಬಾಯಾಗ ಹಾಕ್ಕೊಂಡು ಬಿಸಿನೀರು ಕುಡಿ" ಅನ್ನುತ್ತಿದ್ದರು. ಅಜವಾನ ಅಂದರೆ ನಮ್ಮ ಓಮ ಅಂತ ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಯಾವುದು ಮೇಲು ಅಂತ ಎರಡು ಮನೆಯ ನಡುವೆ ನಾನು ಮನಸ್ಸಿನಲ್ಲೇ ಪಂದ್ಯ ಇಡುತ್ತಿದ್ದೆ. ಆಮೇಲೆ ಗೊತ್ತಾಯಿತು, ಎರಡೂ ಬೇರೆ ಬೇರೆ ತೊಂದರೆಗೆ.

ಹಾಗಾಗಿ ಡಬ್ಬಿ ತೆಗೆಯುವ ಮೊದಲು ಹೊಟ್ಟೆಯನ್ನೇ ಸ್ವಲ್ಪ ಕೇಳಿ. ಊಟವಾಗಿ ಸ್ವಲ್ಪ ಹೊತ್ತಿಗೆ ಹೊಕ್ಕುಳ ಸುತ್ತ ಬಿಗಿತ, ಗುಡುಗುಡು ಸದ್ದು, ಗಾಳಿ ಹೋದರೆ ಹಗುರ ಅನಿಸಿದರೆ ಅದು ವಾಯು. ಎದೆಮೂಳೆಯ ಹಿಂದೆ ಉರಿ, ಹುಳಿತೇಗು, ಮಲಗಿದರೆ ಜಾಸ್ತಿ ಅಂದರೆ ಹೊಟ್ಟೆಯ ಆಮ್ಲ ಮೇಲೆ ಬರುತ್ತಿದೆ. ಉಂಡದ್ದು ಕಲ್ಲಿನ ಹಾಗೆ ಕೂತಿದೆ, ವಾಕರಿಕೆ ಬರುತ್ತಿದೆ ಅಂದರೆ ಹೊಟ್ಟೆ ನಿಧಾನವಾಗಿದೆ. ಮಲಬದ್ಧತೆ ಇನ್ನೊಂದೇ ಕತೆ. ಒಂದಕ್ಕೆ ಹಿತವಾದದ್ದು ಇನ್ನೊಂದನ್ನು ಕೆರಳಿಸುತ್ತದೆ. ನಾನು ಇದನ್ನು ಕಲಿತದ್ದು ಕಷ್ಟಪಟ್ಟು, ಅದನ್ನು ಮುಂದೆ ಹೇಳುತ್ತೇನೆ.

ಹೊಟ್ಟೆ ಉಬ್ಬರಕ್ಕೆ: ಓಮವೋ ಸೋಂಪೋ?

ಗಾಳಿಯ ತೊಂದರೆಗೆ ನಮ್ಮ ಅಡುಗೆಮನೆಯಲ್ಲಿ ಇರುವ ಗಟ್ಟಿ ಅಭ್ಯರ್ಥಿಗಳು ಈ ಇಬ್ಬರು. ಎರಡೂ ಕೊತ್ತಂಬರಿ, ಜೀರಿಗೆಯ ಕುಟುಂಬದವೇ. ಆದರೆ ಸ್ವಭಾವ ಪೂರ್ತಿ ಬೇರೆ.

ಓಮವನ್ನು ಅಂಗೈಯಲ್ಲಿ ಹಾಕಿ ಹೆಬ್ಬೆರಳಿನಿಂದ ತಿಕ್ಕಿ ನೋಡಿ. ಮೂಗಿಗೆ ರಪ್ಪನೆ ಹೊಡೆಯುವ ವಾಸನೆ ಥೈಮಾಲ್‌ನದು. ಕೆಲವು ಮೌತ್‌ವಾಶ್‌ಗಳಲ್ಲಿ ಇರುವುದೂ ಅದೇ. ಅದಕ್ಕೇ ಓಮದ ನೀರು ನಾಲಿಗೆಯನ್ನು ಸ್ವಲ್ಪ ಮರಗಟ್ಟಿಸುತ್ತದೆ. ಅವರೆಕಾಳು, ಕಡಲೆಹಿಟ್ಟು, ಬಜ್ಜಿ, ಹಲಸಿನ ಹಣ್ಣು ತಿಂದು ಹೊಟ್ಟೆ ಬಿಗಿದ ಹೊತ್ತಿನಲ್ಲಿ ನಾನು ಓಮವನ್ನೇ ಆರಿಸುತ್ತೇನೆ. ಒಂದು ಲೋಟಕ್ಕೆ ಕಾಲು ಚಮಚ ಸಾಕು, ಜಜ್ಜಿ ಬಿಸಿನೀರಿಗೆ ಹಾಕಿ ಮುಚ್ಚಿಟ್ಟು ಹತ್ತು ನಿಮಿಷಕ್ಕೆ ಸೋಸುವುದು. ಒಂದು ಚಮಚ ಹಾಕಿದರೆ ಗಂಟಲೇ ಉರಿಯುತ್ತದೆ. ಇದು ಯಾವಾಗಲೋ ಒಮ್ಮೆ ಕುಡಿಯುವಂಥದ್ದು, ದಿನಾ ಅಲ್ಲ.

ದಿನಾ ಬೇಕು ಅನ್ನುವವರಿಗೆ ಸೋಂಪು. ಉತ್ತರ ಕರ್ನಾಟಕದಲ್ಲಿ ಬಡೇಸೋಪು, ಕೆಲವು ಕಡೆ ದೊಡ್ಡ ಜೀರಿಗೆ. ಇದರ ಸಿಹಿ ಅನೆಥೋಲ್ ಅನ್ನುವ ಎಣ್ಣೆಯಿಂದ ಬರುತ್ತದೆ. ಬೆಲ್ಲ ಬೇಡ, ಸಕ್ಕರೆ ಬೇಡ. ಹೋಟೆಲಿನಲ್ಲಿ ಬಿಲ್ಲಿನ ಜೊತೆ ಬಟ್ಟಲಲ್ಲಿ ಸೋಂಪು ಇಡುವುದು ಬರೀ ಬಾಯಿ ವಾಸನೆಗೆ ಅಂದುಕೊಂಡಿದ್ದೆ ನಾನು. ಯುರೋಪಿನ ಔಷಧ ಏಜೆನ್ಸಿಯೂ ಹೊಟ್ಟೆ ಉಬ್ಬರ, ಸಣ್ಣ ಸೆಳೆತಕ್ಕೆ ಇದನ್ನು ಸಾಂಪ್ರದಾಯಿಕ ಔಷಧಿಯ ಪಟ್ಟಿಗೆ ಸೇರಿಸಿದೆ. ಅವರು ಹೇಳುವ ಅಳತೆ ದೊಡ್ಡವರಿಗೆ 250 ಮಿ.ಲೀ. ಕುದಿಯುವ ನೀರಿಗೆ 1.5ರಿಂದ 2.5 ಗ್ರಾಂ, ಆಗಷ್ಟೇ ಜಜ್ಜಿದ ಸೋಂಪು, 15 ನಿಮಿಷ ನೆನೆಸಿಡುವುದು. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಲೋಟಕ್ಕೆ ಸುಮಾರು ಒಂದು ಟೀ ಚಮಚ. ಅವರೂ ಎರಡು ವಾರದ ಮೇಲೆ ಸತತವಾಗಿ ಬೇಡ ಅನ್ನುತ್ತಾರೆ. "ದಿನಾ" ಅಂದರೆ ವರ್ಷಪೂರ್ತಿ ಅಂತ ತಿಳಿಯಬೇಡಿ.

ನನ್ನ ಮಿಶ್ರಣ ಹೀಗೆ: ಸೋಂಪು ಒಂದು ಚಮಚ, ಜೀರಿಗೆ ಅರ್ಧ ಚಮಚ, ಓಮ ಎರಡು ಚಿಟಿಕೆ, ಎರಡು ಲೋಟ ನೀರಿಗೆ. ಓಮದ ಘಾಟು ಸೋಂಪಿನ ಸಿಹಿಯಲ್ಲಿ ಅಡಗುತ್ತದೆ. ಮಕ್ಕಳೂ ಮುಖ ಕಿವುಚದೆ ನಾಲ್ಕು ಗುಟುಕು ಕುಡಿಯುತ್ತಾರೆ. ಮಕ್ಕಳು ಅಂದೆ, ಹಸುಗೂಸು ಅನ್ನಲಿಲ್ಲ. ಆರು ತಿಂಗಳ ಒಳಗಿನ ಕೂಸಿಗೆ ಎದೆಹಾಲು ಬಿಟ್ಟು ಓಮದ ನೀರೂ ಬೇಡ, ಸೋಂಪಿನ ನೀರೂ ಬೇಡ. "ನಮ್ಮ ಕಾಲದಲ್ಲಿ ಗ್ರೈಪ್ ವಾಟರ್ ಕುಡಿಸಿಯೇ ಬೆಳೆಸಿದ್ದು" ಅಂತ ಮನೆಯ ಹಿರಿಯರು ಜಗಳಕ್ಕೆ ಬರಬಹುದು. 1851ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ವುಡ್‌ವರ್ಡ್ ಮಾಡಿದ ಆ ನೀರಿನಲ್ಲಿ ಸಬ್ಬಸಿಗೆ ಎಣ್ಣೆಯ ಜೊತೆ ಆಲ್ಕೋಹಾಲೂ ಇತ್ತು. ಕೂಸು ಸುಮ್ಮನಾಗಿದ್ದು ಯಾವುದರಿಂದ ಅಂತ ಯೋಚಿಸಿ!

ಎದೆ ಉರಿಗೆ: ಇಲ್ಲೇ ಜಾಸ್ತಿ ಜನ ಎಡವುವುದು

2020 ನೆನಪಿದೆಯಲ್ವಾ? ತುಳಸಿ, ಚಕ್ಕೆ, ಕಾಳುಮೆಣಸು, ಒಣಶುಂಠಿ, ಒಣದ್ರಾಕ್ಷಿ ಹಾಕಿದ ಕಷಾಯವನ್ನು ದಿನಕ್ಕೆ ಒಂದೆರಡು ಸಲ ಕುಡಿಯಿರಿ ಅಂತ ಆಯುಷ್ ಸಚಿವಾಲಯ ಹೇಳಿತ್ತು. ನಾವು ಬುದ್ಧಿವಂತರು. ಒಣದ್ರಾಕ್ಷಿ ಬಿಟ್ಟೆವು, ಮೆಣಸು ದುಪ್ಪಟ್ಟು ಮಾಡಿದೆವು, ದಿನಕ್ಕೆ ನಾಲ್ಕು ಸಲ ಕುಡಿದೆವು, ಅದೂ ಖಾಲಿ ಹೊಟ್ಟೆಗೆ. ಹದಿನೈದು ದಿನಕ್ಕೆ ರಾತ್ರಿ ಎದೆ ಉರಿದು ಎದ್ದು ಕೂರುವ ಸ್ಥಿತಿ ಬಂತು. ಅದಕ್ಕೆ ನಾನು ಕಂಡುಕೊಂಡ ಮದ್ದು ಏನು ಗೊತ್ತಾ? ತಂಪಾಗಲಿ ಅಂತ ಪುದೀನ ಹಾಕಿದ ಇನ್ನೊಂದು ಲೋಟ ಕಷಾಯ. ಉರಿ ಇನ್ನಷ್ಟು ಏರಿತು. ಕೊನೆಗೆ ಡಾಕ್ಟರು ಎಲ್ಲ ಕಷಾಯ ನಿಲ್ಲಿಸಿ ಅಂದರು. ನಿಲ್ಲಿಸಿದ ಮೇಲೆ ಉರಿಯೂ ಇಳಿಯಿತು.

ಕಾರಣ ಸರಳ. ಅನ್ನನಾಳ ಹೊಟ್ಟೆ ಸೇರುವ ಕಡೆ ಬಿಗಿಯುವ ಸ್ನಾಯುವೊಂದು ಬಾಗಿಲಿನ ಹಾಗೆ ಕೆಲಸ ಮಾಡುತ್ತದೆ. ಪುದೀನ ಜಾತಿಯ ಮೆಂಥಾಲ್ ಸ್ನಾಯುಗಳನ್ನು ಸಡಿಲಿಸುತ್ತದೆ. ಕರುಳಿನ ಸೆಳೆತಕ್ಕೆ ಅದು ಒಳ್ಳೆಯದು, ಈ ಬಾಗಿಲಿಗೆ ಕೆಟ್ಟದ್ದು. ಬಾಗಿಲು ಸಡಿಲವಾದರೆ ಆಮ್ಲ ಮೇಲೆ ಬರುತ್ತದೆ. ಬಾಯಿಗೆ ತಂಪು ಅನಿಸಿದ್ದು ಎದೆಗೂ ತಂಪು ಆಗಬೇಕೆಂದಿಲ್ಲ. ಮೆಣಸು, ಶುಂಠಿಯ ಖಾರ ಕೆರಳಿದ ಜಾಗವನ್ನು ಇನ್ನಷ್ಟು ಕೆರಳಿಸುತ್ತದೆ.

ಎದೆ ಉರಿಯುವವರಿಗೆ ನನ್ನ ಆಯ್ಕೆ ಕೊತ್ತಂಬರಿ ಬೀಜ, ಅದೂ ಕುದಿಸದೆ. ಎರಡು ಚಮಚ ಬೀಜವನ್ನು ಒಂದೇ ಪೆಟ್ಟಿಗೆ ಒಡೆಯುವಷ್ಟು ಜಜ್ಜಿ, ಒಂದು ಲೋಟ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸೋಸಿ ಕುಡಿಯುವುದು. ಆಯುರ್ವೇದದಲ್ಲಿ ಹೀಗೆ ತಣ್ಣೀರಿನಲ್ಲಿ ನೆನೆಸಿ ತೆಗೆದ ರಸಕ್ಕೆ ಹಿಮ ಅಂತಲೇ ಹೆಸರು, ಇದು ಧಾನ್ಯಕ ಹಿಮ. ಕಹಿಯಿಲ್ಲ, ಖಾರವಿಲ್ಲ, ಕಿತ್ತಳೆ ಸಿಪ್ಪೆಯ ಹಾಗೆ ಒಂದು ತೆಳು ಪರಿಮಳ. ಆದರೆ ರಾತ್ರಿ ಹತ್ತಕ್ಕೆ ಬಿರಿಯಾನಿ ತಿಂದು ಹತ್ತೂವರೆಗೆ ಮಲಗಿದರೆ ಯಾವ ಹಿಮವೂ ಕಾಪಾಡುವುದಿಲ್ಲ. ಊಟಕ್ಕೂ ಹಾಸಿಗೆಗೂ ಮೂರು ಗಂಟೆ ಅಂತರ, ಮಂಚದ ತಲೆಯ ಕಡೆಯ ಕಾಲಿಗೆ ಎರಡು ಇಟ್ಟಿಗೆ. ಕಷಾಯಕ್ಕಿಂತ ಇವೇ ಜಾಸ್ತಿ ಕೆಲಸ ಮಾಡುತ್ತವೆ.

ಜ್ಯೇಷ್ಠಮಧುವನ್ನೂ ಉರಿಗೆ ಹೇಳುವವರಿದ್ದಾರೆ. ರುಚಿಯೇನೋ ಸಿಹಿ. ಆದರೆ ಅದರಲ್ಲಿರುವ ಗ್ಲಿಸಿರೈಜಿನ್ ದಿನಾ ಹೊಟ್ಟೆಗೆ ಹೋದರೆ ಬಿಪಿ ಏರುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ ಇರುವವರು, ಗರ್ಭಿಣಿಯರು, ಕಿಡ್ನಿ ತೊಂದರೆ ಇರುವವರು ಅದನ್ನು ಮುಟ್ಟದಿರುವುದೇ ಒಳ್ಳೆಯದು.

ವಾಕರಿಕೆ, ಜಡ ಹೊಟ್ಟೆ: ಇಲ್ಲಿ ಶುಂಠಿಯೇ

ಇದರಲ್ಲಿ ನನಗೆ ಅನುಮಾನವಿಲ್ಲ. ಅಡುಗೆಮನೆಯ ಹೊಟ್ಟೆಮದ್ದುಗಳಲ್ಲಿ ತುಂಬಾ ಪರೀಕ್ಷೆಗೆ ಒಳಗಾಗಿ ಪಾಸಾದದ್ದು ಶುಂಠಿ. ಬಸುರಿಯರ ಬೆಳಗಿನ ವಾಕರಿಕೆಗೆ ಡಾಕ್ಟರುಗಳೂ ಅದನ್ನು ಒಂದು ದಾರಿ ಅಂತ ಒಪ್ಪುತ್ತಾರೆ. ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಬಳಸಿದ್ದು ದಿನಕ್ಕೆ ಸುಮಾರು 1 ಗ್ರಾಂ ಒಣಶುಂಠಿ ಪುಡಿ, ಅಂದರೆ ಹೆಚ್ಚುಕಡಿಮೆ ಅರ್ಧ ಟೀ ಚಮಚ. ಹೊಟ್ಟೆಯಲ್ಲಿ ಕೂತ ಆಹಾರ ಬೇಗ ಮುಂದೆ ಸರಿಯಲು ಶುಂಠಿ ನೆರವಾಗುತ್ತದೆ ಅಂತಲೂ ಸಣ್ಣ ಅಧ್ಯಯನಗಳು ತೋರಿಸಿವೆ. ಕುಮಟೆಗೆ ಹೋಗಲು ದೇವಿಮನೆ ಘಾಟಿ ಇಳಿಯುವಾಗ ನಮ್ಮ ಚಿಕ್ಕಮ್ಮ ಸೆರಗಿನ ತುದಿಯಲ್ಲಿ ಶುಂಠಿ ಚೂರು ಗಂಟು ಹಾಕಿಕೊಂಡೇ ಬಸ್ ಹತ್ತುತ್ತಿದ್ದಳು. ಮೂರನೇ ತಿರುವಿಗೆ ಗಂಟು ಬಿಚ್ಚುತ್ತಿದ್ದಳು.

ಹಸಿಶುಂಠಿಯೋ ಒಣಶುಂಠಿಯೋ? ಹಸಿಯದರಲ್ಲಿ ಜಿಂಜೆರಾಲ್ ಇರುತ್ತದೆ. ಒಣಗಿದಾಗ ಅದರಲ್ಲಿ ಒಂದಿಷ್ಟು ಶೋಗಾಲ್ ಆಗಿ ಬದಲಾಗುತ್ತದೆ, ಅದರ ಖಾರ ಹೆಚ್ಚು. ಅದಕ್ಕೇ ಒಣಶುಂಠಿಯ ಕಷಾಯ ಗಂಟಲಲ್ಲಿ ಇಳಿಯುತ್ತಲೇ ಬಿಸಿ ಹತ್ತಿಸುತ್ತದೆ. ವಾಕರಿಕೆಗೆ ಹಸಿಶುಂಠಿಯ ನಾಲ್ಕು ತೆಳು ಬಿಲ್ಲೆ, ಮೇಲೆ ಒಂದೆರಡು ಹನಿ ನಿಂಬೆರಸ. ಮಳೆಗಾಲದಲ್ಲಿ ಉಂಡದ್ದು ಅರಗದೆ ಮೈ ಭಾರವಾದರೆ ಒಣಶುಂಠಿ ಚಿಟಿಕೆ, ಜೀರಿಗೆ, ಸ್ವಲ್ಪ ಬೆಲ್ಲ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಮಾತ್ರ ಶುಂಠಿ ಕಷಾಯವನ್ನು ಅಭ್ಯಾಸ ಮಾಡಿಕೊಳ್ಳುವ ಮೊದಲು ಡಾಕ್ಟರಿಗೆ ಒಂದು ಮಾತು ಹೇಳಲಿ.

ಪುದೀನದ ಬಗ್ಗೆ ಇನ್ನೊಂದು ಮಾತು ಬಾಕಿಯಿದೆ. ಕರುಳಿನ ಸೆಳೆತ, ಐಬಿಎಸ್ (ಪದೇ ಪದೇ ಕರುಳು ಕೆರಳುವ ತೊಂದರೆ) ಇರುವವರಿಗೆ ಪುದೀನ ಒಳ್ಳೆಯದು ಅಂತ ಓದಿರುತ್ತೀರಿ. ಆ ಅಧ್ಯಯನಗಳು ಪೆಪ್ಪರ್‌ಮಿಂಟ್ ಗಿಡದ ಎಣ್ಣೆಯ ಮೇಲೆ, ಅದೂ ಕರುಳಿಗೆ ಹೋದ ಮೇಲೆ ಕರಗುವ ಕ್ಯಾಪ್ಸೂಲಿನಲ್ಲಿ ಮಾಡಿದವು. ಸಂತೆಯಲ್ಲಿ ನಾವು ಚಟ್ನಿಗೆ ತರುವ ಪುದೀನ ಸಾಮಾನ್ಯವಾಗಿ ಸ್ಪಿಯರ್‌ಮಿಂಟ್. ಅದರಲ್ಲಿ ಮೆಂಥಾಲ್ ಕಡಿಮೆ, ಕಾರ್ವೋನ್ ಜಾಸ್ತಿ. ಹಾಗಾಗಿ ಎರಡು ಎಸಳು ಪುದೀನಕ್ಕೆ ಕ್ಯಾಪ್ಸೂಲಿನ ಕೆಲಸ ಹೇಳಬೇಡಿ. ಎದೆ ಉರಿ ಇಲ್ಲದವರು ಪರಿಮಳಕ್ಕೆ ಹಾಕಿಕೊಳ್ಳಬಹುದು. ನನಗಂತೂ ಆ ಜಾಗಕ್ಕೆ ಹಿತ್ತಲಿನ ಮಜ್ಜಿಗೆ ಹುಲ್ಲೇ (ಲೆಮನ್ ಗ್ರಾಸ್) ಇಷ್ಟ. ನಿಂಬೆಯ ವಾಸನೆ ಇದೆ, ಹುಳಿ ಇಲ್ಲ, ಕುಂಡದಲ್ಲೂ ಬೆಳೆಯುತ್ತದೆ.

ಮಲಬದ್ಧತೆಗೆ

ಕಷಾಯಕ್ಕಿಂತ ನೀರು, ಸೊಪ್ಪು, ಹಣ್ಣು, ನಡಿಗೆ. ಅಂಗಡಿಯ "ಡಿಟಾಕ್ಸ್ ಟೀ", "ಸ್ಲಿಮ್ ಟೀ" ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಸೆನ್ನಾ ಅಂತ ಇದೆಯಾ ನೋಡಿ. ಅದು ನಮ್ಮ ಸೋನಾಮುಖಿ. ಮಾರನೇ ದಿನ ಹೊಟ್ಟೆ ಚಪ್ಪಟೆ ಆಗುವುದು ಭೇದಿಯಿಂದ, ಕೊಬ್ಬು ಕರಗಿ ಅಲ್ಲ. ವಾರದ ಮೇಲೆ ಅದನ್ನು ಡಾಕ್ಟರು ಹೇಳದೆ ಮುಂದುವರಿಸಬಾರದು.

ಕುದಿಸುವುದೋ, ನೆನೆಸುವುದೋ

ಹಳೆಯ ಪಾಠದ ಪ್ರಕಾರ ಕಷಾಯ ಅಂದರೆ ಚೆನ್ನಾಗಿ ಕುದಿಸಿ ಬತ್ತಿಸಿದ್ದು. ಬಿಸಿನೀರಿಗೆ ಹಾಕಿ ಮುಚ್ಚಿಟ್ಟು ಸೋಸಿದರೆ ಅದು ಫಾಂಟ, ಅಂದರೆ ಇವತ್ತಿನ ಹರ್ಬಲ್ ಟೀ. ಈ ವ್ಯತ್ಯಾಸ ಬರೀ ಹೆಸರಿನದಲ್ಲ. ಒಂದು ಸಂಜೆ ಬಿಡುವಿದ್ದಾಗ ನೀವೇ ಮಾಡಿ ನೋಡಿ. ಒಂದು ಚಮಚ ಜಜ್ಜಿದ ಸೋಂಪನ್ನು ತೆರೆದ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ. ಇನ್ನೊಂದು ಚಮಚಕ್ಕೆ ಕುದಿನೀರು ಹೊಯ್ದು ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ. ಮೊದಲನೆಯದರಲ್ಲಿ ಅಡುಗೆಮನೆಯೆಲ್ಲ ಘಮ್ಮೆನ್ನುತ್ತದೆ, ಲೋಟದಲ್ಲಿ ಸಪ್ಪೆ. ಎರಡನೆಯದರ ತಟ್ಟೆಯನ್ನು ಮೆಲ್ಲಗೆ ಎತ್ತಿ, ಅದರ ಅಡಿಯಲ್ಲಿ ಕೂತ ಹನಿಗಳನ್ನು ಬೆರಳಿಂದ ತೆಗೆದು ಮೂಸಿ. ಸೋಂಪಿನ ಎಣ್ಣೆ ಆವಿಯ ಜೊತೆ ಮೇಲೆ ಹೋಗಿ ಅಲ್ಲಿ ಸಿಕ್ಕಿಬಿದ್ದಿರುತ್ತದೆ. ಆ ಹನಿಗಳನ್ನು ಲೋಟಕ್ಕೇ ಕೊಡವಿ.

ಸೋಂಪು, ಓಮ, ಪುದೀನ, ತುಳಸಿ, ಮಜ್ಜಿಗೆ ಹುಲ್ಲು, ಇವಕ್ಕೆ ಮುಚ್ಚಿ ನೆನೆಸುವುದೇ ಸರಿ. ಒಣಶುಂಠಿ, ಚಕ್ಕೆ, ಜ್ಯೇಷ್ಠಮಧುವಿನಂಥ ಬೇರು, ತೊಗಟೆಗೆ ಸಣ್ಣ ಉರಿಯಲ್ಲಿ ಕುದಿ ಬೇಕು. ಎರಡೂ ಸೇರಿದ ಮಿಶ್ರಣವಾದರೆ ಬೇರನ್ನು ಮೊದಲು ಕುದಿಸಿ, ಒಲೆ ಆರಿಸಿದ ಮೇಲೆ ಬೀಜ, ಎಲೆ ಹಾಕಿ ಮುಚ್ಚಿ. ಚಕ್ಕೆ ದಿನಾ ಹಾಕುವವರು ಸ್ವಲ್ಪ ಜೋಪಾನ. ಕಾಗದದ ಸುರುಳಿಯ ಹಾಗೆ ತೆಳ್ಳಗಿರುವುದು ನಿಜವಾದ ದಾಲ್ಚಿನ್ನಿ. ದಪ್ಪಗೆ ಗಟ್ಟಿಯಾಗಿ ಇರುವುದು ಕ್ಯಾಸಿಯಾ, ಅದರಲ್ಲಿರುವ ಕೂಮರಿನ್ ಅನ್ನುವ ಅಂಶ ಜಾಸ್ತಿಯಾದರೆ ಯಕೃತ್ತಿಗೆ ಒಳ್ಳೆಯದಲ್ಲ.

ಹಾಲಿನ ಮಾತು ನಮ್ಮೂರಿನವರಿಗೆ ಬೇಸರ ತರಿಸಬಹುದು. ಆದರೂ ಹೇಳುತ್ತೇನೆ. ದೊಡ್ಡವರಾದ ಮೇಲೆ ಹಾಲಿನ ಲ್ಯಾಕ್ಟೋಸ್ ಅರಗಿಸುವ ಶಕ್ತಿ ನಮ್ಮಲ್ಲಿ ತುಂಬಾ ಜನರಿಗೆ ಕಡಿಮೆಯಾಗುತ್ತದೆ. ಉಬ್ಬರ ಇಳಿಯಲಿ ಅಂತ ಅರ್ಧ ಹಾಲು ಹಾಕಿದ ಕಷಾಯ ಕುಡಿದರೆ ಆ ಹಾಲೇ ಉಬ್ಬರ ತರಬಹುದು. ಆಸರಿಗೆ ಹಾಲು ಹಾಕಿ, ಮದ್ದಿಗೆ ನೀರಲ್ಲೇ ಮಾಡಿ. ನಾನೀಗ ಹಾಗೇ ಮಾಡುತ್ತೇನೆ, ಅಮ್ಮನಿಗೆ ಹೇಳಿಲ್ಲ.

ಕಷಾಯ ಇಡಬಾರದ ಹೊತ್ತು

ಎದೆಯಲ್ಲಿ ಒತ್ತಿದ ಹಾಗೆ ನೋವು, ಬೆವರು, ಎಡತೋಳಿಗೋ ದವಡೆಗೋ ಹರಿಯುವ ನೋವು, ಮೆಟ್ಟಿಲು ಹತ್ತಿದರೆ ಜಾಸ್ತಿ ಆಗುವ ಸಂಕಟ, ಇದಕ್ಕೆ ಗ್ಯಾಸ್ಟ್ರಿಕ್ ಅಂತ ಹೆಸರಿಟ್ಟು ಜೀರಿಗೆ ನೀರು ಕಾಯಿಸುತ್ತಾ ಕೂರಬೇಡಿ. ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯದ ತೊಂದರೆ ಬರೀ ಹೊಟ್ಟೆ ಸಂಕಟದ ಹಾಗೆ ಕಾಣಿಸಿಕೊಳ್ಳುವುದೂ ಉಂಟು. ಮಲ ಟಾರಿನ ಹಾಗೆ ಕಪ್ಪಗಾದರೆ, ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ ಕೂಡ ಡಾಕ್ಟರ ಕೆಲಸವೇ. ಭೇದಿಯಾದಾಗ ಮೊದಲು ಬೇಕಾದ್ದು ಓಆರ್‌ಎಸ್.

ಡಬ್ಬಿಯೋ, ಟೀ ಬ್ಯಾಗೋ

ಅಂಗಡಿಯ ಟೀ ಬ್ಯಾಗು ಆಫೀಸಿಗೆ ಅನುಕೂಲ, ಅಷ್ಟನ್ನು ಒಪ್ಪುತ್ತೇನೆ. ಆದರೆ ಎಷ್ಟೋ ಬ್ಯಾಗುಗಳಲ್ಲಿ ಗ್ರೀನ್ ಟೀ ಸೇರಿರುತ್ತದೆ, ಅಂದರೆ ಕೆಫೀನ್. ರಾತ್ರಿ ಕುಡಿಯುವವರು ನೋಡಿ ಕೊಳ್ಳಿ. ಜೊತೆಗೆ ಪುಡಿಯಾದ ಮಸಾಲೆಯ ಪರಿಮಳ ಬೇಗ ಹೋಗುತ್ತದೆ. ಮನೆಯಲ್ಲಿ ಬೀಜಗಳನ್ನು ಇಡಿಯಾಗಿಯೇ ಬೆರೆಸಿಟ್ಟು, ಬೇಕಾದಾಗ ಕುಟ್ಟಾಣಿಯಲ್ಲಿ ಜಜ್ಜಿಕೊಂಡರೆ ಈ ತಾಪತ್ರಯವಿಲ್ಲ. ಹುರಿಯಬೇಕಾ ಅಂತ ಕೇಳುತ್ತಾರೆ. ಹಾಲಿನ ಕಷಾಯಕ್ಕೆ ಹುರಿದ ಪುಡಿ ರುಚಿ. ನೀರಿನದಕ್ಕೆ ಹಸಿ ಬೀಜವೇ ಇರಲಿ, ಬಿಸಿಲಿಗೆ ಒಣಗಿಸಿದರೆ ಸಾಕು.

ತರುವಾಗ ಎರಡು ಪರೀಕ್ಷೆ. ಜೀರಿಗೆಯನ್ನು ಅಂಗೈಯಲ್ಲಿ ಹಾಕಿ ತಿಕ್ಕಿ. ಕೈ ಕಪ್ಪಾದರೆ ಇದ್ದಿಲು ಬಣ್ಣ ಹಾಕಿದ ಹುಲ್ಲುಬೀಜ ಸೇರಿದೆ ಅಂತ ಅರ್ಥ. ಸೋಂಪು ತೀರಾ ಗಿಳಿಹಸಿರು ಇದ್ದರೆ ಒಂದು ಚಮಚ ನೀರಿಗೆ ಹಾಕಿ ಐದು ನಿಮಿಷ ಬಿಡಿ, ನೀರು ಹಸಿರಾದರೆ ಅಂಗಡಿ ಬದಲಿಸಿ.

ನನ್ನ ಕಪಾಟಿನಲ್ಲಿ ಈಗ ಮೂರು ಸಣ್ಣ ಬಾಟಲಿಗಳಿವೆ. ಉಬ್ಬರದ್ದರಲ್ಲಿ ಸೋಂಪು, ಜೀರಿಗೆ, ಓಮ. ಉರಿಯದ್ದರಲ್ಲಿ ಬರೀ ಕೊತ್ತಂಬರಿ. ಆಸರಿಯದ್ದರಲ್ಲಿ ಕೊತ್ತಂಬರಿ ನಾಲ್ಕು ಪಾಲು, ಜೀರಿಗೆ ಎರಡು, ಸೋಂಪು ಒಂದು, ಎಂಟು ಹತ್ತು ಕಾಳುಮೆಣಸು, ನಾಲ್ಕು ಏಲಕ್ಕಿ, ಹುರಿದು ಪುಡಿ ಮಾಡಿದ್ದು. ಶುಂಠಿ ತರಕಾರಿ ಬುಟ್ಟಿಯಲ್ಲೇ ಇರುತ್ತದೆ. ಹೋದ ತಿಂಗಳು ಅತ್ತೆ ಬಂದಿದ್ದರು. ಉಬ್ಬರದ ಬಾಟಲಿ ತೆಗೆದು ಮೂಸಿ ನೋಡಿ, "ಅಜವಾನ ಕಡಿಮಿ ಆಗೇತಿ" ಅಂದರು. ಇನ್ನೊಂದು ಹಿಡಿ ತಾವೇ ಸುರಿದರು.